ಊರನ್ನೇ ಓದಲು ಹೊರಟವರು

1919ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯ ಸಮಾಜಶಾಸ್ತ್ರಕ್ಕೆಂದು ವಿಭಾಗವೊಂದನ್ನು ತೆರೆದು, ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆತಂದಿತು. ಗಿಡ, ಬೀದಿ, ಕೆರೆ, ಮಾರುಕಟ್ಟೆ ಎಲ್ಲವನ್ನೂ ಒಟ್ಟಿಗೆ ನೋಡುತ್ತಿದ್ದ ಮನುಷ್ಯ ಅವರು. ಅವರ ತರಗತಿಗೆ ಬರುತ್ತಿದ್ದವರಲ್ಲಿ ಸಂಸ್ಕೃತದಲ್ಲಿ ಎಂ.ಎ. ಮುಗಿಸಿದ್ದ ಮಾಲವಣದ ತರುಣ ಗೋವಿಂದ ಸದಾಶಿವ ಘುರ್ಯೆ ಒಬ್ಬರು. ಗೆಡ್ಡೆಸ್ ಅವರ ಮೆಚ್ಚುಗೆ ಗಳಿಸಿದ ಘುರ್ಯೆ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದರು. ಮೊದಲು ಲಂಡನ್, ಆಮೇಲೆ ಕೇಂಬ್ರಿಜ್. ಅಲ್ಲಿ ಗುರು ರಿವರ್ಸ್ 1922ರಲ್ಲಿ ಹಠಾತ್ತನೆ ತೀರಿಕೊಂಡಾಗ ಮಾನವಶಾಸ್ತ್ರಜ್ಞ ಹ್ಯಾಡನ್ ಅವರ ಕೈಕೆಳಗೆ ಪಿಎಚ್.ಡಿ. ಮುಗಿಸಿದರು. 1924ರಲ್ಲಿ ಬೊಂಬಾಯಿ ವಿಭಾಗದ ಚುಕ್ಕಾಣಿ ಅವರ ಕೈಗೆ ಬಂತು. 1959ರಲ್ಲಿ ನಿವೃತ್ತರಾಗುವವರೆಗೂ ಅವರು ಅದನ್ನು ಬಿಡಲಿಲ್ಲ.

ಭಾರತದಲ್ಲಿ ಸಮಾಜಶಾಸ್ತ್ರದ ಉನ್ನತ ಅಧ್ಯಯನ ಗಟ್ಟಿಯಾದದ್ದು ಈ ಮೂರೂವರೆ ದಶಕಗಳಲ್ಲಿ. ಘುರ್ಯೆ ತಮ್ಮ ವಿದ್ಯಾರ್ಥಿಗಳನ್ನು ದೂರದ ದ್ವೀಪಗಳಿಗೆ ಅಟ್ಟಲಿಲ್ಲ. ನಿಮ್ಮ ನಾಡನ್ನು, ನಿಮ್ಮ ಜಾತಿ ಮತ್ತು ಕುಟುಂಬವನ್ನು ನೋಡಿ ಬನ್ನಿ ಎಂದು ಕಳಿಸಿದರು. ಇರಾವತಿ ಕರ್ವೆ 1928ರಲ್ಲಿ ಎಂ.ಎ.ಗೆ ಬರೆದ ಪ್ರಬಂಧ ತಾವೇ ಹುಟ್ಟಿದ ಚಿತ್ಪಾವನ ಸಮುದಾಯವನ್ನು ಕುರಿತದ್ದು. ಅಲ್ಲಿಂದ ಅವರು ಬರ್ಲಿನ್ನಿಗೆ ತೆರಳಿ ಡಾಕ್ಟರೇಟ್ ಪಡೆದರು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎ.ಆರ್. ವಾಡಿಯಾ ಮೊದಲಾದವರ ಬಳಿ ಸಾಮಾಜಿಕ ತತ್ತ್ವಶಾಸ್ತ್ರ ಓದಿದ್ದ ಎಂ.ಎನ್. ಶ್ರೀನಿವಾಸ್ 1936ರಲ್ಲಿ ಬೊಂಬಾಯಿಗೆ ಬಂದರು. ಮೈಸೂರಿನ ಮದುವೆ ಮತ್ತು ಕುಟುಂಬ ಪದ್ಧತಿಗಳ ಮೇಲೆ ಅವರು ಬರೆದ ಎಂ.ಎ. ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಅದರ ನಂತರ ಘುರ್ಯೆ ತೋರಿಸಿದ ದಾರಿ ಕೊಡಗಿನದು.

ಕೊಡಗಿನಲ್ಲಿ ಶ್ರೀನಿವಾಸ್ ಅವರ ಕಣ್ಣು ನೆಟ್ಟಿದ್ದು ‘ಒಕ್ಕ’ದ ಮೇಲೆ. ಒಬ್ಬನೇ ಮೂಲಪುರುಷನಿಂದ ಬಂದ ಗಂಡು ಸಂತತಿಯ ಮನೆತನ ಅದು. ಅದಕ್ಕೊಂದು ಹೆಸರು, ಹಿರಿಯರ ಕಾಲದಿಂದ ಬಂದ ಒಂದು ಐನ್‌ಮನೆ, ಪಾಲಾಗದ ಜಮ್ಮಾ ಭೂಮಿ. ಮದುವೆಯಾದ ಹೆಣ್ಣು ತವರಿನ ಒಕ್ಕ ಬಿಟ್ಟು ಗಂಡನ ಒಕ್ಕಕ್ಕೆ ಸೇರುತ್ತಾಳೆ. ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಗದ್ದೆಗೆ ಹೋಗಿ ಹೊಸ ಕದಿರು ಕೊಯ್ದು ಮನೆಗೆ ತರುವಾಗ ಒಕ್ಕದವರೆಲ್ಲ ಒಂದಾಗುತ್ತಾರೆ. ಸತ್ತ ಹಿರಿಯರು ಕಾರಣವರಾಗಿ ಪೂಜೆ ಪಡೆಯುತ್ತಾರೆ. ಇಂಥ ವಿವರಗಳನ್ನೆಲ್ಲ ಕೂಡಿಸಿ ಬರೆದ ಪಿಎಚ್.ಡಿ. ಪ್ರಬಂಧ ಎರಡು ಸಂಪುಟಗಳಷ್ಟಾಯಿತು. 1944ರಲ್ಲಿ ಪದವಿಯೂ ಬಂತು.

ಮರುವರ್ಷ ಆಕ್ಸ್‌ಫರ್ಡಿಗೆ ಹೋದ ಶ್ರೀನಿವಾಸ್ ಅವರಿಗೆ ಅಲ್ಲಿನ ಮಾನವಶಾಸ್ತ್ರ ಪ್ರಾಧ್ಯಾಪಕ ರ‍್ಯಾಡ್‌ಕ್ಲಿಫ್ ಬ್ರೌನ್ ಹೊಸ ವಿಷಯ ಕೊಡಲಿಲ್ಲ. ಅದೇ ಕೊಡಗಿನ ಸಾಮಗ್ರಿಯನ್ನು ಮತ್ತೆ ಬಿಚ್ಚಿ, ಒಂದು ಆಚರಣೆ ಆ ಸಮಾಜವನ್ನು ಹೇಗೆ ಹಿಡಿದಿಟ್ಟಿದೆ ಎಂದು ಕೇಳಿಕೊಳ್ಳುವಂತೆ ಹೇಳಿದರು. ಬೊಂಬಾಯಿಯಲ್ಲಿ ಕೂಡಿಹಾಕಿದ್ದ ವಿವರಗಳಿಗೆ ಆಕ್ಸ್‌ಫರ್ಡಿನಲ್ಲಿ ಒಂದು ಸೂತ್ರ ಸಿಕ್ಕಿತು. ರ‍್ಯಾಡ್‌ಕ್ಲಿಫ್ ಬ್ರೌನ್ ನಿವೃತ್ತರಾದ ಮೇಲೆ ಇವಾನ್ಸ್ ಪ್ರಿಚರ್ಡ್ ಮಾರ್ಗದರ್ಶನ ಮಾಡಿದರು. 1947ರಲ್ಲಿ ಎರಡನೆಯ ಡಾಕ್ಟರೇಟ್ ದೊರೆಯಿತು. 1952ರಲ್ಲಿ ಪುಸ್ತಕವಾಗಿ ಬಂದ ಈ ಕೃತಿಯಿಂದಲೇ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಜಗತ್ತಿನ ತರಗತಿಗಳಿಗೆ ಹೋಯಿತು. ಕೆಳಗಿನವೆನಿಸಿದ ಜಾತಿಗಳು ಮೇಲಿನವರ ಆಚಾರಗಳನ್ನು ತಮ್ಮದಾಗಿಸಿಕೊಂಡು ಸ್ಥಾನ ಏರಲು ನೋಡುವ ಪ್ರಕ್ರಿಯೆ ಅದು.

1948ರಲ್ಲಿ ಅವರು ಮೈಸೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿದರು. ಬರಹದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಪಟೇಲರ ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲೇ ಅವರ ಬಿಡಾರ. ಸಂಖ್ಯೆ ಮತ್ತು ಭೂಮಿಯ ಬಲದಿಂದ ಊರಿನಲ್ಲಿ ಮೇಲುಗೈ ಸಾಧಿಸುವ ‘ಪ್ರಬಲ ಜಾತಿ’ಯ ಕಲ್ಪನೆ ಬೆಳೆದದ್ದು ಈ ಊರಿನ ಅನುಭವದಿಂದ. 1959ರಲ್ಲಿ ದೆಹಲಿಯಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದಾಗ ಕ್ಷೇತ್ರಕಾರ್ಯವನ್ನೇ ಸಂಶೋಧನೆಯ ಬೆನ್ನೆಲುಬಾಗಿಸಿದರು. ಮುಂದೆ ಅವರು ಅಮೆರಿಕದಲ್ಲಿ ಬರವಣಿಗೆಯಲ್ಲಿ ತೊಡಗಿದ್ದಾಗ, 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ರಾಂಪುರದ ಬಗ್ಗೆ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು.

ತಮ್ಮ ನಾಡನ್ನು ತಾವೇ ಓದುವುದರಲ್ಲಿ ಒಂದು ತೊಡಕಿತ್ತು: ಊರಿನಲ್ಲಿ ಎಲ್ಲ ಬಾಗಿಲೂ ಎಲ್ಲರಿಗೂ ತೆರೆದಿರುವುದಿಲ್ಲ. ಬ್ರಾಹ್ಮಣನಾಗಿ, ಪಟೇಲರ ಆಶ್ರಯದಲ್ಲಿದ್ದ ತನಗೆ ದಲಿತರ ಬದುಕು ಸಾಕಷ್ಟು ಕಾಣಲಿಲ್ಲವೆಂದು ಶ್ರೀನಿವಾಸ್ ಅವರೇ ಒಪ್ಪಿಕೊಂಡಿದ್ದಾರೆ. ಆ ಕೊರತೆಯನ್ನು ನೇರವಾಗಿ ಎತ್ತಿ ತೋರಿಸಿದವರು ಮೈಸೂರು ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ಪ್ರಾಧ್ಯಾಪಕಿ ಸಿ. ಪಾರ್ವತಮ್ಮ. ಮ್ಯಾಂಚೆಸ್ಟರಿನಲ್ಲಿ ಸಂಶೋಧನೆ ಮಾಡಿದ್ದ ಅವರು 1978ರಲ್ಲಿ ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ’ ಪತ್ರಿಕೆಯಲ್ಲಿ ರಾಂಪುರದ ಪುಸ್ತಕವನ್ನು ‘ಬ್ರಾಹ್ಮಣಿಕೆಯ ಪಯಣ’ ಎಂದೇ ಕರೆದು ವಿಮರ್ಶಿಸಿದರು. ವಿಮರ್ಶೆಗೇ ನಿಲ್ಲದೆ, ಪರಿಶಿಷ್ಟ ಜಾತಿಗಳ ಸ್ಥಿತಿಗತಿಯ ಮೇಲೆ ಸಾಲುಸಾಲು ಅಧ್ಯಯನಗಳನ್ನೂ ಪ್ರಕಟಿಸಿದರು. ಪಟೇಲರ ಕೊಟ್ಟಿಗೆಮನೆಯಿಂದ ಕಾಣದ ಕೇರಿ ಹೀಗೆ ಮೈಸೂರಿನ ಸಂಶೋಧನೆಯೊಳಕ್ಕೆ ಬಂತು.