ಜರಿಯ ವಂಶಚರಿತ್ರೆ ಮತ್ತು ನನ್ನದೊಂದು ತಪ್ಪು

ಮೊನ್ನೆ ಮಳೆ ನಿಂತ ಮೇಲೆ ಬಿಳೇಕಹಳ್ಳಿಯ ನಮ್ಮ ಮನೆಯ ಬಚ್ಚಲಿನಲ್ಲಿ ಜರಿಯೊಂದು ಕಾಣಿಸಿತು. ಚಪ್ಪಲಿ ಎತ್ತಿದವನಿಗೆ ಹಳೆಯ ತಪ್ಪೊಂದು ನೆನಪಾಯಿತು. ಶತಪದಿಗೆ ನೂರು ಕಾಲುಗಳೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದು ತಪ್ಪು ಪಾಠ. ಬೆಳೆದ ಜರಿಯ ಕಾಲುಗಳು 15ರಿಂದ 191 ಜೋಡಿಗಳವರೆಗೆ ಇರುತ್ತವೆ. ಜೋಡಿಗಳ ಲೆಕ್ಕ ಸಹಜವಾಗಿ ಬೆಸಸಂಖ್ಯೆಯೇ. ನೂರು ಕಾಲುಗಳಿಗೆ ಐವತ್ತು ಜೋಡಿ ಬೇಕಲ್ಲವೇ? ವಿಷದ ಕೊಂಡಿಗಳೂ ಮೂಲತಃ ಒಂದು ಜೊತೆ ಕಾಲುಗಳೇ.

ಇದರ ಚರಿತ್ರೆ ನಮ್ಮ ರಾಜವಂಶಗಳದ್ದಕ್ಕಿಂತ ಬಹಳ ಹಳೆಯದು. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಾಹ್ನವಿ ಜೋಶಿ ಮತ್ತು ಪ್ರವೀಣ್ ಕಾರಂತರು ದಕ್ಷಿಣ ಭಾರತದ ಜರಿಗಳ ಡಿಎನ್‌ಎ ಹೋಲಿಸಿ, 2011ರಲ್ಲಿ ಅವುಗಳ ವಂಶವೃಕ್ಷವನ್ನು ಪ್ರಕಟಿಸಿದರು. ಹಲವು ಬಳಗಗಳ ಬೇರು ಗೊಂಡ್ವಾನ ಭೂಖಂಡ ಒಡೆಯುತ್ತಿದ್ದ ಕಾಲದವರೆಗೆ ಹೋಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಲಾವಾ ಹರಿದಾಗ, ಡಿಜಿಟಿಪಸ್ ಎಂಬ ಜರಿಗಳಿಗೆ ಪಶ್ಚಿಮಘಟ್ಟದ ದಕ್ಷಿಣ ಭಾಗ ಆಶ್ರಯವಾಗಿದ್ದಿರಬೇಕೆಂದು 2013ರ ಅವರ ಅಧ್ಯಯನ ಸೂಚಿಸಿತು. ಹಿಮಾಲಯ ಆಗಿನ್ನೂ ಎದ್ದಿರಲಿಲ್ಲ.

ಚಪ್ಪಲಿ ಕೆಳಗಿಟ್ಟೆ. ಅತಿಥಿಯನ್ನು ಕಸದ ಮೊರದಲ್ಲಿ ಎತ್ತಿ ಹಿತ್ತಲಿಗೆ ಬಿಟ್ಟೆ. ನೀವು ಬರಿಗೈಯಿಂದ ಮುಟ್ಟಬೇಡಿ, ಕಡಿತದ ಉರಿ ಬಲವಾದದ್ದು. ನನ್ನ ತಪ್ಪನ್ನು ಮನ್ನಿಸಿ, ನಿಮ್ಮ ಮಕ್ಕಳಿಗಾದರೂ ಸರಿಯಾದ ಲೆಕ್ಕ ಹೇಳಿಕೊಡಿ.