ಗೆಲುವಿಗಾಗಿ ಸೋಲುವುದು: ಆಟದ ನೀತಿಯ ಒಂದು ವಿಚಾರ

ಆಟಕ್ಕೂ ವ್ಯಾಪಾರಕ್ಕೂ ಒಂದು ಸಾಮ್ಯವಿದೆ. ಎರಡರಲ್ಲಿಯೂ ಲಾಭನಷ್ಟಗಳುಂಟು; ಎರಡರಲ್ಲಿಯೂ ಎದುರಿಗಿರುವವನ ನಂಬಿಕೆಯೇ ಮೂಲ ಬಂಡವಾಳ. ವ್ಯಾಪಾರಿಯು ನಾಳಿನ ಲಾಭಕ್ಕಾಗಿ ಇಂದು ನಷ್ಟವನ್ನು ಒಪ್ಪಿಕೊಳ್ಳುವುದುಂಟು. ಅದನ್ನು ಯಾರೂ ಅಧರ್ಮವೆನ್ನುವುದಿಲ್ಲ. ಹಾಗಾದರೆ ಆಟಗಾರನು ಮುಂದಿನ ಸುತ್ತಿನಲ್ಲಿ ದುರ್ಬಲ ಎದುರಾಳಿ ದೊರೆಯಲೆಂದು ಇಂದಿನ ಪಂದ್ಯವನ್ನು ಬೇಕೆಂದೇ ಸೋತರೆ ಅದು ಜಾಣತನವೋ, ಅನ್ಯಾಯವೋ?

ಈ ಪ್ರಶ್ನೆ ದೊಡ್ಡ ಕ್ರೀಡಾಂಗಣಗಳಿಗೆ ಮಾತ್ರ ಸೇರಿದ್ದಲ್ಲ. ಇಂದು ಮೊಬೈಲ್ ಫೋನಿನಲ್ಲಿ ಯುವಕರು ಆಡುವ ಫ್ಯಾಂಟಸಿ ಫುಟ್‌ಬಾಲಿನಲ್ಲಿಯೂ ಅದು ಏಳುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಓಕ್‌ಲ್ಯಾಂಡಿನಲ್ಲಿ ಕೆಲವು ಮಿತ್ರರು ಕಾಗದದ ಮೇಲೆ ಆರಂಭಿಸಿದ ಆಟವದು. ನಿಜವಾದ ಆಟಗಾರರ ಹೆಸರುಗಳಿಂದ ಪ್ರತಿಯೊಬ್ಬನೂ ತನ್ನದೊಂದು ಕಲ್ಪಿತ ತಂಡ ಕಟ್ಟುತ್ತಾನೆ; ಮೈದಾನದಲ್ಲಿ ಅವರು ತೋರುವ ಸಾಧನೆಯೇ ಅವನ ಅಂಕ. ವಾರವಾರವೂ ಇಬ್ಬಿಬ್ಬರು ಎದುರಾಗುವ ಕೂಟಗಳಲ್ಲಿ ಕೊನೆಗೆ ಮೇಲಿನ ಕೆಲವರು ನಿರ್ಣಾಯಕ ಸುತ್ತಿಗೆ ಹೋಗುತ್ತಾರೆ. ಸ್ಥಾನ ಖಚಿತವಾದವನೊಬ್ಬನು ಕೊನೆಯ ವಾರ ತನ್ನ ಉತ್ತಮ ಆಟಗಾರರನ್ನು ಹೊರಗಿಟ್ಟು ಸೋತರೆ ಅವನಿಗೆ ಸುಲಭ ಎದುರಾಳಿ ಸಿಗಬಹುದು. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯಿದೆ ನಿಷೇಧಿಸಿದೆ. ಸಪ್ತವ್ಯಸನಗಳಲ್ಲಿ ಜೂಜನ್ನು ಮೊದಲು ಎಣಿಸುವ ಸಮಾಜಕ್ಕೆ ಆ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಇಲ್ಲಿ ವಿಚಾರ ಪಣವಿಲ್ಲದ ಆಟದ್ದು.

ದೋಣಿಮಲೈಯ ಗಣಿಬೆಟ್ಟದಿಂದ ಹೆಚ್ಚು ದೂರವಿಲ್ಲದ ಹಂಪೆಯಲ್ಲಿ, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲಯುದ್ಧಗಳನ್ನು ಕಂಡು ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವಷ್ಟು ಭೀಕರವಾದ ಆ ಕಾಳಗಗಳ ನಡುವೆ ಅವನ ಗಮನ ಸೆಳೆದ ಒಂದು ಸಂಗತಿ ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಅಲ್ಲಿ ನಿರ್ಣಾಯಕರಿದ್ದರು, ಜಟ್ಟಿಗಳಿಬ್ಬರನ್ನೂ ಕಣದಲ್ಲಿ ಸಮನೆಲೆಯಲ್ಲಿ ನಿಲ್ಲಿಸುವುದೂ ಗೆದ್ದವನಿಗೆ ಸಲ್ಲಬೇಕಾದ ಗೌರವವನ್ನು ತೀರ್ಮಾನಿಸುವುದೂ ಅವರ ಕೆಲಸವಾಗಿತ್ತು. ಸಮನೆಲೆಯಲ್ಲಿ ನಿಲ್ಲಿಸುವುದು ನಿರ್ಣಾಯಕನ ಕೈಯಲ್ಲಿದೆ. ಆದರೆ ನಿಂತವನು ತನ್ನ ಬಲವನ್ನೆಲ್ಲ ತೋರುವನೆಂಬುದು ಅವನ ಕೈಯಲ್ಲಿಲ್ಲ. ಅದು ಆಟಗಾರನ ಅಂತಃಕರಣಕ್ಕೆ ಬಿಟ್ಟದ್ದು. ಕಣದ ಈ ಕೊರತೆಯನ್ನು ಯಾವ ನಿಯಮವೂ ಪೂರ್ತಿ ತುಂಬಲಾರದೆಂಬುದಕ್ಕೆ ಇತ್ತೀಚಿನ ಇತಿಹಾಸವೇ ಸಾಕ್ಷಿ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಪಂದ್ಯಗಳನ್ನು ಮೊದಲ ಬಾರಿಗೆ ಗುಂಪು ಪದ್ಧತಿಯಲ್ಲಿ ನಡೆಸಲಾಯಿತು. ಸೋತವರು ಕೂಡಲೇ ಹೊರಹೋಗದೆ ಡಬಲ್ಸ್‌ನಲ್ಲಿ ಪ್ರತಿ ಗುಂಪಿನ ಮೊದಲ ಎರಡು ಜೋಡಿಗಳು ಮುಂದಿನ ಸುತ್ತಿಗೆ ಹೋಗುವ ಏರ್ಪಾಡು. ಜುಲೈ 31ರ ಸಂಜೆ ಮಹಿಳೆಯರ ಡಬಲ್ಸ್‌ನಲ್ಲಿ ಚೀನಾದ ವಾಂಗ್ ಷಿಯಾವೊಲಿ ಮತ್ತು ಯು ಯಾಂಗ್ ಜೋಡಿ ದಕ್ಷಿಣ ಕೊರಿಯಾದ ಜೋಡಿಯೊಂದರ ಎದುರು ನಿಂತಿತು. ಅವರ ದೇಶದ ಇನ್ನೊಂದು ಜೋಡಿ ತನ್ನ ಗುಂಪಿನಲ್ಲಿ ಎರಡನೆಯ ಸ್ಥಾನಕ್ಕೆ ಇಳಿದಿತ್ತು. ತಾವು ಮೊದಲಿಗರಾದರೆ ಅಂತಿಮ ಪಂದ್ಯಕ್ಕೆ ಮೊದಲೇ ಸ್ವದೇಶದವರನ್ನು ಎದುರಿಸಬೇಕಾಗುತ್ತಿತ್ತು. ಆದಕಾರಣ ಅವರು ಸೋಲಲೆಂದೇ ಆಡಿದರು. ಎದುರಿನ ಕೊರಿಯನ್ನರೂ ಅದನ್ನೇ ಮಾಡಿದರು. ಸರ್ವಿಸ್‌ಗಳು ನೆಟ್‌ಗೆ ಬಿದ್ದವು. ಮೊದಲ ಗೇಮ್‌ನ ಅತಿ ದೀರ್ಘವಾದ ರ್‍ಯಾಲಿಯೂ ನಾಲ್ಕೇ ಹೊಡೆತಗಳಲ್ಲಿ ಮುಗಿಯಿತು. ಪ್ರೇಕ್ಷಕರು ಕೂಗಿ ಧಿಕ್ಕರಿಸಿದರು. ಅದೇ ಸಂಜೆ ಕೊರಿಯಾದ ಮತ್ತೊಂದು ಜೋಡಿ ಮತ್ತು ಇಂಡೊನೇಷ್ಯಾದ ಜೋಡಿ ಇದೇ ನಾಟಕವನ್ನು ಪುನರಾವರ್ತಿಸಿದವು. ಮರುದಿನ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟವು ನಾಲ್ಕೂ ಜೋಡಿಗಳನ್ನು, ಅಂದರೆ ಎಂಟು ಆಟಗಾರ್ತಿಯರನ್ನು, ಗೆಲ್ಲಲು ಪೂರ್ಣ ಪ್ರಯತ್ನ ಮಾಡಲಿಲ್ಲವೆಂಬ ಕಾರಣಕ್ಕೆ ಹೊರಹಾಕಿತು.

ಈ ಪ್ರಸಂಗದೊಡನೆ ಕನ್ನಡನಾಡಿನ ಒಂದು ಎಳೆಯೂ ಹೆಣೆದುಕೊಂಡಿದೆ. ಕರ್ನಾಟಕದ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನವನ್ನೂ 2011ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚನ್ನೂ ಗೆದ್ದಿದ್ದ ಜೋಡಿ. ಲಂಡನ್ನಿನಲ್ಲಿ ಅವರು ಜಪಾನಿಗೆ ಸೋತರೂ ಚೈನೀಸ್ ತೈಪೆ ಮತ್ತು ಸಿಂಗಪುರದ ಜೋಡಿಗಳನ್ನು ಸೋಲಿಸಿದರು. ಆದರೆ ಅದೇ ಗುಂಪಿನಲ್ಲಿ ಜಪಾನ್ ಜೋಡಿ ತೈಪೆಗೆ ಸೋತಿತು. ಮೂರು ಜೋಡಿಗಳಿಗೂ ಎರಡೆರಡು ಗೆಲುವುಗಳಾಗಿ ಲೆಕ್ಕ ಅಂಕಗಳ ವ್ಯತ್ಯಾಸಕ್ಕೆ ಬಂದು, ಭಾರತದ ಜೋಡಿ ಒಂದೇ ಒಂದು ಅಂಕದಿಂದ ಹೊರಬಿದ್ದಿತು. ಜಪಾನಿನ ಆ ಪಂದ್ಯದ ಬಗ್ಗೆ ಭಾರತ ಸಲ್ಲಿಸಿದ ದೂರನ್ನು ಒಕ್ಕೂಟ ತಳ್ಳಿಹಾಕಿತು. ತಪ್ಪು ಸಿದ್ಧವಾಗದಿರುವಾಗ ಜಪಾನಿನವರನ್ನು ದೂಷಿಸುವುದು ಸಲ್ಲದು. ಪ್ರಾಮಾಣಿಕವಾಗಿ ಆಡಿಯೂ ಸೋಲುವುದುಂಟು. ಗಮನಿಸಬೇಕಾದದ್ದು ಬೇರೊಂದು: ಇಬ್ಬರ ನಡುವಿನ ಪಂದ್ಯದ ಫಲ ಅಂಗಳದಲ್ಲಿಯೇ ಇಲ್ಲದ ಮೂರನೆಯವರ ವರುಷಗಳ ಶ್ರಮವನ್ನು ಅಳೆಯಿತು. ಹಾಗಿರುವಾಗ ಬೇಕೆಂದು ಸೋಲುವವನು ತನ್ನ ಸೋಲನ್ನು ಮಾತ್ರ ಖರ್ಚುಮಾಡುತ್ತಿಲ್ಲ. ಬೇರೊಬ್ಬನ ಗಂಟಿಗೂ ಕೈಹಾಕುತ್ತಿದ್ದಾನೆ.

ಇದಕ್ಕೆ ಮೂವತ್ತು ವರ್ಷ ಮೊದಲು, 1982ರ ಜೂನ್ 25ರಂದು, ಸ್ಪೇನಿನ ಹಿಹೋನ್ ನಗರದಲ್ಲಿ ವಿಶ್ವಕಪ್ ಫುಟ್‌ಬಾಲಿನಲ್ಲಿಯೂ ಇಂತಹುದೇ ನಡೆಯಿತು. ಪಶ್ಚಿಮ ಜರ್ಮನಿ 1-0ರಿಂದ ಗೆದ್ದರೆ ಅದೂ ಆಸ್ಟ್ರಿಯವೂ ಎರಡೂ ಮುಂದಕ್ಕೆ ಹೋಗುವಂತಿತ್ತು. ಆರಂಭದಲ್ಲಿಯೇ ಒಂದು ಗೋಲು ಬಿದ್ದ ಬಳಿಕ ಎರಡೂ ತಂಡಗಳು ಚೆಂಡನ್ನು ಅತ್ತಿತ್ತ ತಳ್ಳುತ್ತ ಕಾಲ ಕಳೆದವು. ಜರ್ಮನಿಯನ್ನೇ ಸೋಲಿಸಿದ್ದ ಅಲ್ಜೀರಿಯ ತನ್ನ ಪಂದ್ಯಗಳನ್ನು ಹಿಂದಿನ ದಿನವೇ ಮುಗಿಸಿ ಅಸಹಾಯಕವಾಗಿ ಹೊರಬಿತ್ತು. ನಿಯಮ ಮುರಿದಿಲ್ಲವೆಂದು ಅದರ ದೂರು ಬಿದ್ದುಹೋಯಿತು. ಆದರೆ 1986ರ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಏಕಕಾಲದಲ್ಲಿ ನಡೆಸುವ ಪದ್ಧತಿ ಬಂದಿತು.

ಬೇಕೆಂದು ಸೋಲುವವರ ಪರವಾಗಿಯೂ ಬಲವಾದ ವಾದಗಳುಂಟು. ಚದುರಂಗದಲ್ಲಿ ಕುದುರೆಯನ್ನು ಬಲಿಕೊಟ್ಟು ರಾಜನನ್ನು ಹಿಡಿಯುವುದಿಲ್ಲವೆ? ಓಟಗಾರನು ಪ್ರಾಥಮಿಕ ಸುತ್ತಿನಲ್ಲಿ ಉಸಿರನ್ನು ಉಳಿಸಿಕೊಳ್ಳುವುದಿಲ್ಲವೆ? ಸೋತವರಿಗೆ ಲಾಭವಾಗುವಂತೆ ಪಂದ್ಯಾವಳಿ ಕಟ್ಟಿದವರದಲ್ಲವೆ ದೋಷ? ಕೊನೆಯ ಮಾತಿನಲ್ಲಿ ಸತ್ಯಾಂಶವಿದೆ. ಲಂಡನ್ನಿನ ಬಳಿಕ ಒಕ್ಕೂಟವೇ ಡಬಲ್ಸ್‌ನ ಪದ್ಧತಿಯನ್ನು ಬದಲಿಸಿ, ಗುಂಪಿನಲ್ಲಿ ಎರಡನೆಯವರಾದವರ ಮುಂದಿನ ಎದುರಾಳಿಗಳನ್ನು ಚೀಟಿ ಎತ್ತಿ ನಿರ್ಧರಿಸುವಂತೆ ಮಾಡಿತು. ಆದರೆ ಬಾಗಿಲು ತೆರೆದಿಟ್ಟವನ ಅಜಾಗ್ರತೆಯು ಒಳನುಗ್ಗಿದವನನ್ನು ನಿರ್ದೋಷಿಯನ್ನಾಗಿಸದು. ಚದುರಂಗದ ಬಲಿಯೂ ಅದೇ ಆಟವನ್ನು ಗೆಲ್ಲಲೆಂದೇ ಕೊಟ್ಟದ್ದು, ಎದುರಾಳಿಯ ಕಣ್ಣಮುಂದೆಯೇ ಕೊಟ್ಟದ್ದು. ಓಟಗಾರನು ಉಸಿರು ಉಳಿಸಿದರೂ ಅರ್ಹತೆಯ ಗೆರೆಯನ್ನು ದಾಟುತ್ತಾನೆ. ದಣಿದ ಆಟಗಾರನಿಗೆ ಬಹಿರಂಗವಾಗಿ ವಿಶ್ರಾಂತಿ ಕೊಟ್ಟು, ಅಂಗಳಕ್ಕೆ ಇಳಿದವರು ಮನಃಪೂರ್ವಕ ಆಡುವುದೂ ತಪ್ಪಲ್ಲ. ಆಡುತ್ತಿರುವೆನೆಂದು ತೋರಿಸುತ್ತ ಆಡದಿರುವುದೇ ತಪ್ಪು.

ಈ ಭೇದವನ್ನು ಅಳೆಯಲು ಶ್ರಾವಕನ ಬಳಿ ಒಂದು ತಕ್ಕಡಿ ಇದೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಪ್ರತಿರೂಪಕವ್ಯವಹಾರವೂ ಸೇರಿವೆ. ಮೊದಲನೆಯದು ತೂಕ ಅಳತೆಗಳನ್ನು ಹೆಚ್ಚುಕಡಿಮೆ ಮಾಡುವುದು. ಎರಡನೆಯದು ನಕಲಿಯನ್ನು ಅಸಲಿಯೆಂದು ಕೊಡುವುದು. ಸಂಡೂರು-ಹೊಸಪೇಟೆಯ ಜನರಿಗೆ ಮೊದಲನೆಯದನ್ನು ವಿವರಿಸಬೇಕಾಗಿಲ್ಲ. 2011ರ ಲೋಕಾಯುಕ್ತ ವರದಿಯಲ್ಲಿ ಅದಿರು ಲಾರಿಗಳ ಅಧಿಕ ಭಾರವೂ ಕಡಿಮೆ ಬೆಲೆ ತೋರಿಸಿದ ರಫ್ತಿನ ಲೆಕ್ಕವೂ ದಾಖಲಾದವು. ಇರುವುದನ್ನು ಕಡಿಮೆಯೆಂದು ತೋರಿಸಿ ಲಾಭ ಪಡೆಯುವುದು ಅದರ ಒಳತಿರುಳು. ತನ್ನ ಬಲವನ್ನು ಕಡಿಮೆಯೆಂದು ತೋರಿಸಿ ಅನುಕೂಲದ ಸ್ಥಾನ ಪಡೆಯುವ ಆಟಗಾರನು ಮಾಡುವುದೂ ಅದನ್ನೇ. ಹಣ ಕೊಟ್ಟು ಬಂದ ಪ್ರೇಕ್ಷಕನಿಗೆ ಆಟದ ಬದಲು ಆಟದ ನಟನೆಯನ್ನು ಕೊಟ್ಟಾಗ ಅದು ಪ್ರತಿರೂಪಕವ್ಯವಹಾರ. ನಷ್ಟಕ್ಕೆ ಮಾರುವ ವ್ಯಾಪಾರಿ ಇಲ್ಲಿಯೇ ಬೇರೆಯಾಗುತ್ತಾನೆ: ಅವನ ಸರಕು ಅಸಲಿ, ತೂಕ ಸರಿ, ನಷ್ಟ ಅವನದೇ.

ಭರತ-ಬಾಹುಬಲಿಯರ ಪ್ರಸಂಗವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬಹುದು. ಸೇನೆಗಳ ಹತ್ಯೆಯನ್ನು ತಪ್ಪಿಸಲು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಬಾಹುಬಲಿಗೆ ಅಣ್ಣನಲ್ಲಿ ಗೌರವವಿತ್ತು. ಬೇಕೆಂದರೆ ಸೋತು ಅಣ್ಣನ ಮಾನವನ್ನು ಉಳಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಎರಡು ಸೇನೆಗಳು ಆ ಫಲಕ್ಕೆ ಬದ್ಧವಾಗಿ ನಿಂತಿದ್ದುವಾದ್ದರಿಂದ ಮೂರರಲ್ಲಿಯೂ ಪೂರ್ಣಬಲದಿಂದ ಸೆಣಸಿ ಗೆದ್ದನು. ನಿಯಮ ಮೀರಿ ಚಕ್ರವನ್ನು ಪ್ರಯೋಗಿಸಿದವನು ಭರತ. ಗೆದ್ದ ಬಳಿಕ ರಾಜ್ಯವನ್ನು ಬಿಟ್ಟುಕೊಟ್ಟದ್ದು ಬಾಹುಬಲಿಯ ತ್ಯಾಗ. ಅದು ಎಲ್ಲರೆದುರು ನಡೆಯಿತು, ಅದರಿಂದ ಅವನು ಯಾವ ಲೌಕಿಕ ಲಾಭವನ್ನೂ ಪಡೆಯಲಿಲ್ಲ. ಗೆದ್ದು ಬಿಡುವುದು ತ್ಯಾಗ. ಪಡೆಯಲೆಂದು ಸೋಲುವುದು ಲೋಭ. ಹೊರಗಿನಿಂದ ಎರಡೂ ಬಿಟ್ಟುಕೊಟ್ಟಂತೆ ಕಂಡರೂ ಒಳಗಿನ ಭಾವ ತದ್ವಿರುದ್ಧ.

ಕಾನೂನು ಇಲ್ಲಿ ಎಲ್ಲಿಯವರೆಗೆ ಬರುತ್ತದೆ? 2019ರ ಕರ್ನಾಟಕ ಪ್ರೀಮಿಯರ್ ಲೀಗ್‌ನ ಅಂತಿಮ ಪಂದ್ಯದಲ್ಲಿ ಬಳ್ಳಾರಿ ತಂಡವೂ ಹುಬ್ಬಳ್ಳಿ ತಂಡವೂ ಸೆಣಸಿದ್ದವು. ಆ ಲೀಗ್‌ನ ಮೋಸದಾಟದ ಆರೋಪಗಳ ಮೇಲೆ ಹೂಡಿದ್ದ ಮೊಕದ್ದಮೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಜನವರಿಯಲ್ಲಿ ರದ್ದುಪಡಿಸಿತು. ಅಂತಹ ನಡತೆ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ಸೂಚಿಸಬಹುದಾದರೂ ದಂಡಸಂಹಿತೆಯ 420ನೆಯ ಕಲಮಿನ ವಂಚನೆಯಾಗದು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಸೇರಿದ್ದು ಎಂಬುದು ಅದರ ನಿರ್ಣಯ. ಹಣಕ್ಕಾಗಿ ಸೋಲುವ ಆರೋಪದಲ್ಲಿಯೇ ಕಾನೂನು ಹೀಗೆ ಗಡಿ ಹಾಕಿಕೊಂಡಿರುವಾಗ, ಅನುಕೂಲಕ್ಕಾಗಿ ಸೋಲುವವನನ್ನು ತಡೆಯಬೇಕಾದದ್ದು ವ್ರತವೇ ಹೊರತು ಪೊಲೀಸರಲ್ಲ.

ಜಯಂತ್ಯುತ್ಸವಗಳಲ್ಲಿ ಯುವಕರಿಗೆ ಪಂದ್ಯಾವಳಿ ಏರ್ಪಡಿಸುವ ಟ್ರಸ್ಟ್‌ಗಳಿಗೆ ಈ ಇತಿಹಾಸದಿಂದ ಎರಡು ಪಾಠಗಳುಂಟು. ಒಂದು, ಸೋತವನಿಗೆ ಲಾಭವಾಗದಂತೆ ನಿಯಮ ಕಟ್ಟುವುದು: ಗುಂಪಿನ ಕೊನೆಯ ಪಂದ್ಯಗಳು ಏಕಕಾಲದಲ್ಲಿ ನಡೆಯಲಿ, ಮುಂದಿನ ಎದುರಾಳಿಯನ್ನು ಚೀಟಿ ನಿರ್ಧರಿಸಲಿ. ಎರಡು, ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವುದು: ಮೊಬೈಲಿನ ಕಲ್ಪಿತ ತಂಡವಾದರೂ ಅದರ ಕೊನೆಯ ವಾರದ ಫಲವನ್ನು ಕಾಯುತ್ತಿರುವ ಮೂರನೆಯ ಗೆಳೆಯನೊಬ್ಬನಿರುತ್ತಾನೆ. ಲಂಡನ್ನಿನಲ್ಲಿ ಹೊರಹಾಕಲ್ಪಟ್ಟ ಎಂಟು ಮಂದಿಯಲ್ಲಿ ಇಂಡೊನೇಷ್ಯಾದ ಗ್ರೇಸಿಯಾ ಪೊಲೀ ಒಬ್ಬರು. ಒಂಬತ್ತು ವರ್ಷಗಳ ಬಳಿಕ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಅದೇ ಮಹಿಳಾ ಡಬಲ್ಸ್‌ನ ಚಿನ್ನವನ್ನು ಅವರು ಅಪ್ರಿಯಾನಿ ರಹಾಯು ಅವರೊಡನೆ ಗೆದ್ದರು. ತಪ್ಪಿದವರಿಗೂ ದಾರಿ ಮುಚ್ಚಿರುವುದಿಲ್ಲ. ಆದರೆ ಆ ದಾರಿ ಪೂರ್ಣಬಲದಿಂದ ಆಡುವುದರ ಮೂಲಕವೇ ಸಾಗುತ್ತದೆ.