ಅಂಗಳದ ಹೂವು, ಕೋಶದೊಳಗಿನ ಕದಿರು

ವರ್ಷವಿಡೀ ಅರಳುವ ನಿತ್ಯಪುಷ್ಪವನ್ನು ನೀವು ಅಂಗಳಗಳಲ್ಲಿ ನೋಡಿಯೇ ಇರುತ್ತೀರಿ. ಮಡಗಾಸ್ಕರ್ ಮೂಲದ ಈ ಗಿಡದ ಎಲೆಗಳು 1952ರಲ್ಲಿ ಜಮೈಕಾದಿಂದ ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಅವರ ಕೈಸೇರಿದವು. ಜಮೈಕಾದ ಜನ ಅದನ್ನು ಸಕ್ಕರೆ ಕಾಯಿಲೆಗೆ ಕುದಿಸಿ ಕುಡಿಯುತ್ತಿದ್ದರು. ಪ್ರಯೋಗದ ಇಲಿಗಳಲ್ಲಿ ಸಕ್ಕರೆ ಇಳಿಯಲಿಲ್ಲ. ಇಳಿದದ್ದು ಬಿಳಿ ರಕ್ತಕಣ! ಆ ಸುಳಿವು ಹಿಡಿದು ನೋಬಲ್ ಮತ್ತು ಚಾರ್ಲ್ಸ್ ಬೀರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು.

ಅದು ಮಾಡುವುದೇನು? ಜೀವಕೋಶ ಎರಡಾಗುವಾಗ ಟ್ಯುಬುಲಿನ್ ಎಂಬ ಪ್ರೋಟೀನು ಎಳೆಎಳೆಯಾಗಿ ಸೇರಿ ಕದಿರಿನಾಕಾರದ ರಚನೆ ಕಟ್ಟುತ್ತದೆ. ವರ್ಣತಂತುಗಳನ್ನು ಎರಡು ಪಾಲಾಗಿ ಎಳೆಯುವುದು ಈ ಎಳೆಗಳೇ. ವಿನ್‌ಬ್ಲಾಸ್ಟಿನ್ ಟ್ಯುಬುಲಿನ್‌ಗೆ ಅಂಟಿಕೊಂಡು ಎಳೆ ಕಟ್ಟದಂತೆ ತಡೆಯುತ್ತದೆ. ವಿಭಜನೆ ಅರ್ಧಕ್ಕೇ ನಿಂತು ಕೋಶ ಸಾಯುತ್ತದೆ. ವೇಗವಾಗಿ ವಿಭಜಿಸುವ ಮಜ್ಜೆಯ ಕೋಶಗಳಿಗೂ ಇದೇ ಗತಿ. ಬಿಳಿ ಕಣ ಇಳಿದದ್ದು ಅದಕ್ಕೇ.

ದೇಹದಲ್ಲಿ ಹರಡಿದ ವೃಷಣದ ಕ್ಯಾನ್ಸರಿಗೆ ಇದೊಂದೇ ಸಾಲಲಿಲ್ಲ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಗಳಿದ್ದ ದ್ರವದಲ್ಲಿ ವಿದ್ಯುತ್ ಹಾಯಿಸಿದಾಗ ಅವು ವಿಭಜನೆ ನಿಲ್ಲಿಸಿ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲ, ವಿದ್ಯುದ್ವಾರದ ಪ್ಲಾಟಿನಂ. ಈ ಶೋಧದ ಫಲವೇ ಸಿಸ್‌ಪ್ಲಾಟಿನ್ ಔಷಧಿ. 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಡಾ. ಲಾರೆನ್ಸ್ ಐನ್‌ಹಾರ್ನ್ ಇವೆರಡರೊಡನೆ ಬ್ಲಿಯೋಮೈಸಿನ್ ಸೇರಿಸಿ ಕೊಡತೊಡಗಿದರು. ಮುಂದೆ ವಿನ್‌ಬ್ಲಾಸ್ಟಿನ್ ಸ್ಥಾನಕ್ಕೆ ಎಟೊಪೊಸೈಡ್ ಬಂದಿತು. ಹಿಂದೆ ಈ ಹಂತದಲ್ಲಿ ಹತ್ತು ಮಂದಿಯಲ್ಲಿ ಒಬ್ಬ ಉಳಿಯುವುದೂ ಕಷ್ಟವಿತ್ತು. ಇಂದು ಸುಮಾರು ಎಂಟು ಮಂದಿ ಗುಣಹೊಂದುತ್ತಾರೆ.

ಇದು ಹೆಚ್ಚಾಗಿ ಹರೆಯದವರ ರೋಗ. ನೋವಿಲ್ಲದ ಗಂಟು ಕೈಗೆ ಸಿಕ್ಕರೂ ನಾಚಿಕೆಯಿಂದ ಮುಚ್ಚಿಡುವವರುಂಟು. ಔಷಧಿ ಸಿದ್ಧವಿದೆ, ಓದುಗರೇ. ತಡವಾಗುವುದು ನಾವು ಬಾಯಿ ಬಿಡದಿದ್ದಾಗ.